ಮರಿ ಗಿಳಿಯ ಮೊದಲ ಗರಿ ಉದುರುವಿಕೆ: ಸಹಜವೋ, ದೋಷವೋ?

ಕಳೆದ ವಾರದವರೆಗೆ ನುಣುಪಾಗಿದ್ದ ಮರಿ ಗಿಳಿ ಈಗ ಕೆದರಿಕೊಂಡು ಕುಳಿತಿದೆ. ಪಂಜರದ ತಳದಲ್ಲಿ ಗರಿಗಳು ಹರಡಿವೆ, ತಲೆಯ ಮೇಲೆ ಮುಳ್ಳಿನಂಥವು ಎದ್ದಿವೆ, ಮುಟ್ಟಲು ಹೋದರೆ ಕಚ್ಚುತ್ತದೆ. ಇಷ್ಟೂ ಒಟ್ಟಿಗೆ ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ಹೆಚ್ಚಿನ ಸಲ ಇದು ಕಾಯಿಲೆಯಲ್ಲ, ಮೊದಲ ಬಾರಿ ಗರಿ ಬದಲಾಯಿಸುತ್ತಿರುವ ಹಕ್ಕಿಯ ಪಾಡು. ತೊಡಕೆಂದರೆ, ಗರಿಯ ನಿಜವಾದ ಕಾಯಿಲೆಗಳೂ ಇದೇ ವಯಸ್ಸಿನಲ್ಲಿ, ಇದೇ ವೇಷದಲ್ಲಿ ಬರುತ್ತವೆ. ಹಾಗಾಗಿ ಎಳೆ ಹಕ್ಕಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವಂತಿಲ್ಲ, ಕಂಡದ್ದಕ್ಕೆಲ್ಲ ಔಷಧ ಹಾಕುವಂತೆಯೂ ಇಲ್ಲ.

ಬಿದ್ದ ಗರಿಗಳನ್ನು ಎಣಿಸುತ್ತಾ ಕೂರುವುದರಿಂದ ಏನೂ ತಿಳಿಯುವುದಿಲ್ಲ. ಅವು ಬಿಟ್ಟುಹೋದ ಜಾಗದಲ್ಲಿ ಏನು ಬರುತ್ತಿದೆ ಎನ್ನುವುದೇ ಪರೀಕ್ಷೆ. ಅಲ್ಲಿ ಹೊಸ ಗರಿ ಮೊಳೆಯುತ್ತಿದ್ದರೆ, ಎಡಬಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತಿದ್ದರೆ, ಹಕ್ಕಿ ಎಂದಿನಂತೆ ತಿನ್ನುತ್ತಿದ್ದರೆ ಉಳಿದದ್ದಕ್ಕೆ ತಾಳ್ಮೆ ಸಾಕು. ಈ ಮೂರರಲ್ಲಿ ಒಂದು ತಪ್ಪಿದರೂ ಮುಂದಕ್ಕೆ ಓದಿ, ದೋಷ ಎಲ್ಲಿದೆ ಎಂದು ಒಂದೊಂದಾಗಿ ಸೋಸಿ ನೋಡೋಣ.

ಮೊದಲು ವಯಸ್ಸು

ಬೆಳೆದು ಮುಗಿದ ಗರಿ ಜೀವವಿಲ್ಲದ ವಸ್ತು. ಸವೆದರೆ, ಮುರಿದರೆ ಅದನ್ನು ಸರಿಪಡಿಸುವ ಉಪಾಯ ದೇಹಕ್ಕಿಲ್ಲ. ಕಳಚಿ ಹೊಸದನ್ನು ಬೆಳೆಸಬೇಕು. ಗೂಡಿನಲ್ಲಿ ಮರಿಗೆ ಬರುವ ಮೊದಲ ಉಡುಪಂತೂ ಆತುರದಲ್ಲಿ, ಎಲ್ಲವೂ ಏಕಕಾಲದಲ್ಲಿ ಬೆಳೆದದ್ದು. ಅದು ಬೇಗ ಸವೆಯುತ್ತದೆ.

ಆ ಉಡುಪು ಕಳಚಲು ತೊಡಗುವ ವಯಸ್ಸು ಜಾತಿಯಿಂದ ಜಾತಿಗೆ ಬೇರೆ. ಬಡ್ಜಿಗಳಲ್ಲಿ ಸುಮಾರು ಮೂರು ನಾಲ್ಕು ತಿಂಗಳಿಗೆ, ಕಾಕಟೀಲ್‌ಗಳಲ್ಲಿ ಆರು ತಿಂಗಳ ಆಸುಪಾಸಿನಲ್ಲಿ ಶುರುವಾಗುತ್ತದೆ. ಕೊನ್ಯೂರ್‌ಗಳಲ್ಲಿ ಆರರಿಂದ ಹತ್ತು ತಿಂಗಳ ನಡುವೆ. ಆಫ್ರಿಕನ್ ಗ್ರೇ, ಅಮೆಜಾನ್, ಮಕಾವ್‌ನಂಥ ದೊಡ್ಡ ಗಿಳಿಗಳಲ್ಲಿ ಎಂಟು ತಿಂಗಳಿಂದ ಒಂದು ವರ್ಷದ ಹೊತ್ತಿಗೆ. ಕೆಲವು ವಾರ ಹಿಂದುಮುಂದಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ವಯಸ್ಸು ಗೊತ್ತಿಲ್ಲದ ಹಕ್ಕಿಯಾದರೆ ಮೈಮೇಲೆ ಗುರುತುಗಳಿರುತ್ತವೆ. ಎಳೆ ಬಡ್ಜಿಯ ಹಣೆಯ ಮೇಲೆ ಮೂಗಿನವರೆಗೂ ಅಡ್ಡಪಟ್ಟೆಗಳಿರುತ್ತವೆ. ಮೊದಲ ಗರಿ ಬದಲಾವಣೆಯಲ್ಲಿ ಅವು ಅಳಿದು ಹಣೆ ಒಂದೇ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯ ಬೂದು ಬಣ್ಣದ ಗಂಡು ಕಾಕಟೀಲ್ ತನ್ನ ಬಾಲದ ಕೆಳಗಿನ ಹಳದಿ ಪಟ್ಟೆಗಳನ್ನು ಕಳೆದುಕೊಂಡು ಮುಖದಲ್ಲಿ ಹೊಳೆಯುವ ಹಳದಿ ಪಡೆಯುತ್ತದೆ. ಹಾಗೆಂದು ಎಲ್ಲ ಬದಲಾವಣೆಯನ್ನೂ ಈ ಸಲವೇ ನಿರೀಕ್ಷಿಸಬೇಡಿ. ರಿಂಗ್‌ನೆಕ್ ಗಂಡಿಗೆ ಕತ್ತಿನ ಪಟ್ಟಿ ಮೂಡುವುದು ಒಂದೂವರೆ ವರ್ಷದ ನಂತರ, ಕೆಲವಕ್ಕೆ ಮೂರನೇ ವರ್ಷದಲ್ಲಿ. ಮೊದಲ ಸಲ ಪಟ್ಟಿ ಬರಲಿಲ್ಲ ಎನ್ನುವುದು ದೋಷವಲ್ಲ, ಹಕ್ಕಿ ಹೆಣ್ಣು ಎಂಬುದಕ್ಕೆ ಸಾಕ್ಷಿಯೂ ಅಲ್ಲ.

ವಯಸ್ಸು ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ. ಗೂಡು ಬಿಡುವ ಹೊತ್ತಿನ, ಐದಾರು ವಾರದ ಬಡ್ಜಿ ರೆಕ್ಕೆ ಬಾಲಗಳ ದೊಡ್ಡ ಗರಿಗಳನ್ನು ಉದುರಿಸಿಕೊಂಡು ನೆಲದ ಮೇಲೆ ಓಡಾಡುತ್ತಿದೆ ಎಂದರೆ ಅದನ್ನು ಮೊದಲ ಗರಿ ಬದಲಾವಣೆ ಎನ್ನುವಂತಿಲ್ಲ. ಫ್ರೆಂಚ್ ಮೋಲ್ಟ್ (ಮೋಲ್ಟ್ ಎಂದರೆ ಗರಿ ಬದಲಾವಣೆ) ಎಂದು ಹೆಸರಿದ್ದರೂ ಅದೊಂದು ರೋಗ. ಸಾಮಾನ್ಯವಾಗಿ ಪಾಲಿಯೋಮಾ ವೈರಸ್ಸಿನಿಂದ, ಕೆಲವೊಮ್ಮೆ ಸರ್ಕೋವೈರಸ್ಸಿನಿಂದ ಬರುತ್ತದೆ. ಬೇರೆ ಹಕ್ಕಿಗಳಿಂದ ಆ ಮರಿಯನ್ನು ದೂರವಿಟ್ಟು ವೈದ್ಯರಿಗೆ ತೋರಿಸಬೇಕು.

ಬಿದ್ದ ಗರಿಯನ್ನು ಬೆಳಕಿಗೆ ಹಿಡಿಯಿರಿ

ಪಂಜರದ ತಳದ ಕಾಗದ ಬದಲಿಸುವಾಗ ಗರಿಗಳನ್ನು ಸುತ್ತಿ ಎಸೆಯಬೇಡಿ. ರೆಕ್ಕೆಯದೋ ಬಾಲದ್ದೋ ಒಂದು ದೊಡ್ಡ ಗರಿ ಆರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿಯಿರಿ. ತಾನಾಗಿ ಕಳಚಿದ ಗರಿಯ ಬುಡ ಒಣಗಿ, ಟೊಳ್ಳಾಗಿ, ಬೆಳಕು ಹಾಯುವಷ್ಟು ತಿಳಿಯಾಗಿರುತ್ತದೆ. ತುದಿ ಕಿರಿದಾಗುತ್ತಾ ಬಂದು ನಯವಾಗಿ ಮುಗಿಯುತ್ತದೆ. ಕೊಳವೆಯೊಳಗೆ ಒಂದರ ಮೇಲೊಂದು ಕುಳಿತ ತೆಳ್ಳನೆಯ ಒಣ ಬಿಲ್ಲೆಗಳು ಕಾಣಬಹುದು. ಗರಿ ಬೆಳೆಯುವಾಗ ಒಳಗಿದ್ದ ತಿರುಳು ಹಿಂದೆ ಸರಿಯುತ್ತಾ ಬಿಟ್ಟುಹೋದ ಗುರುತು ಅದು. ಹುಳುವೂ ಅಲ್ಲ, ಮೊಟ್ಟೆಯೂ ಅಲ್ಲ.

ಬುಡದೊಳಗೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತವಿದ್ದರೆ, ಗರಿ ಅರ್ಧವೇ ಬೆಳೆದು ಮೇಲಿನ ಪೊರೆ ಕಳಚದೆ ದಪ್ಪಗೆ ಉಳಿದಿದ್ದರೆ, ಅಥವಾ ಬುಡದ ಬಳಿ ದಾರ ಕಟ್ಟಿ ಬಿಗಿದ ಹಾಗೆ ಕಿರಿದಾಗಿದ್ದರೆ ಅದನ್ನು ಕಾಗದದ ಲಕೋಟೆಯಲ್ಲಿ ತೆಗೆದಿಡಿ. ಒಂದೇ ಒಂದು ಸಿಕ್ಕಿದರೆ ಎಳೆಗರಿಗೆ ಪೆಟ್ಟು ಬಿದ್ದಿರಬಹುದು. ನಾಲ್ಕಾರು ಅಂಥವೇ ಸಿಕ್ಕರೆ ಅದು ವೈದ್ಯರು ನೋಡಬೇಕಾದ ವಸ್ತು.

ಗರಿ ಬುಡದಿಂದ ಬಾರದೆ ನಡುವೆಯೇ ತುಂಡಾಗಿ, ದಂಟು ಎಳೆಎಳೆಯಾಗಿ ಬಿರಿದಿದ್ದರೆ ಅದು ಕೊಕ್ಕಿನ ಕೆಲಸ. ಹಕ್ಕಿ ತನ್ನ ಗರಿಯನ್ನು ತಾನೇ ಜಗಿಯುತ್ತಿದೆ, ಇಲ್ಲವೇ ಜೊತೆಯ ಹಕ್ಕಿ ಜಗಿಯುತ್ತಿದೆ.

ಇನ್ನೊಂದು ಗುರುತು ಗರಿಯ ಅಡ್ಡಕ್ಕೆ ಹಾದುಹೋಗುವ ಕೂದಲೆಳೆಯಷ್ಟು ಸಣ್ಣ ಗೆರೆ. ಅಲ್ಲಿ ಎಳೆಗಳು ತೆಳುವಾಗಿ, ಬೆಳಕಿಗೆ ಹಿಡಿದಾಗ ಸೀಳಿದಂತೆ ಕಾಣುತ್ತವೆ. ಗರಿಯ ಆ ಭಾಗ ಬೆಳೆಯುತ್ತಿದ್ದ ದಿನಗಳಲ್ಲಿ ಹಕ್ಕಿಗೆ ಕಾಯಿಲೆಯೋ ಉಪವಾಸವೋ ವಿಪರೀತ ಹೆದರಿಕೆಯೋ ಆಗಿತ್ತು ಎಂದು ಅರ್ಥ. ಮರಿಯ ಗರಿಗಳೆಲ್ಲ ಒಟ್ಟಿಗೆ ಬೆಳೆದವುಗಳಾದ್ದರಿಂದ, ಉದುರಿದ ಹಲವು ಗರಿಗಳಲ್ಲಿ ಗೆರೆ ಒಂದೇ ಮಟ್ಟದಲ್ಲಿದ್ದರೆ ಆ ಕೆಟ್ಟ ದಿನ ಗೂಡಿನಲ್ಲಿ ಕಳೆದುಹೋದದ್ದು. ಆ ಗರಿಗಳು ಈಗ ಹೇಗೂ ಹೋಗುತ್ತಿವೆ, ಅವುಗಳಿಗಾಗಿ ಕೊರಗಿ ಫಲವಿಲ್ಲ. ಹೊಸದಾಗಿ ಬಂದ ಗರಿಗಳಲ್ಲೂ ಅದೇ ಗೆರೆ ಮೂಡಿದರೆ ಮಾತ್ರ ಈಗಿನ ಆಹಾರ, ನಿದ್ರೆ, ಆರೋಗ್ಯದಲ್ಲಿ ಕೊರತೆ ಹುಡುಕಬೇಕು.

ಎಡಬಲ ಹೋಲಿಸಿ

ಹಾರಾಟಕ್ಕೆ ಅಡ್ಡಿಯಾಗದಂತೆ ಗರಿ ಬದಲಿಸುವುದು ಹಕ್ಕಿಗಳ ಪದ್ಧತಿ. ಗಿಳಿಯ ರೆಕ್ಕೆಯ ಹೊರಭಾಗದಲ್ಲಿ ಹತ್ತು ದೊಡ್ಡ ಹಾರುಗರಿಗಳಿರುತ್ತವೆ. ಬೇರೆ ಅನೇಕ ಹಕ್ಕಿಗಳಲ್ಲಿ ಬದಲಾವಣೆ ಒಳತುದಿಯಿಂದ ಹೊರಕ್ಕೆ ಸಾಗಿದರೆ, ಗಿಳಿಗಳಲ್ಲಿ ನಡುವಿನ ಗರಿಯೊಂದರಿಂದ ಶುರುವಾಗಿ ಎರಡೂ ದಿಕ್ಕಿಗೆ ಹರಡುತ್ತದೆ. ಎಡ ರೆಕ್ಕೆಯಲ್ಲಿ ಒಂದು ಬಿದ್ದರೆ ಬಲ ರೆಕ್ಕೆಯ ಅದೇ ಸ್ಥಾನದ್ದು ಕೆಲವು ದಿನಗಳ ಅಂತರದಲ್ಲಿ ಬೀಳುತ್ತದೆ. ಬಾಲದ ಗರಿಗಳು ಸಾಮಾನ್ಯವಾಗಿ ಹನ್ನೆರಡು. ಅವೂ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತವೆ.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹಕ್ಕಿಯ ಮುಂದಿನಿಂದ, ಹಿಂದಿನಿಂದ, ರೆಕ್ಕೆ ಬಿಚ್ಚಿದಾಗ ಒಂದೊಂದು ಫೋಟೊ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಒಂದೇ ಪಕ್ಕ ಬೋಳಾಗುತ್ತಿದ್ದರೆ ಆ ಪಕ್ಕದಲ್ಲಿ ಗಾಯ, ಗಂಟು, ನೋವು ಇದೆಯೇ ನೋಡಬೇಕು. ಕೆಲವೊಮ್ಮೆ ಹೊಸ ಗರಿ ಹೊರಬರಲಾರದೆ ಚರ್ಮದೊಳಗೇ ಸುರುಳಿ ಸುತ್ತಿಕೊಂಡು ಗಂಟಾಗುತ್ತದೆ. ಅದನ್ನು ಹಿಸುಕಿ ತೆಗೆಯುವ ಸಾಹಸ ಬೇಡ.

ಒಂದೇ ರಾತ್ರಿಯಲ್ಲಿ ಬಾಲ ಪೂರ್ತಿ ಖಾಲಿಯಾಗಿ, ತಟ್ಟೆ ಬಟ್ಟಲು ಚೆಲ್ಲಾಪಿಲ್ಲಿಯಾಗಿದ್ದರೆ ಹಕ್ಕಿ ಕತ್ತಲಲ್ಲಿ ಹೆದರಿ ಪಂಜರದೊಳಗೆ ಬಡಿದಾಡಿದೆ. ಕಾಕಟೀಲ್‌ಗಳಲ್ಲಿ ಇದು ಹೆಚ್ಚು. ಗರಿ ಬದಲಿಸುವ ಕಾಲದಲ್ಲಿ ಈ ಬಡಿದಾಟ ತುಂಬ ಅಪಾಯಕಾರಿ, ರಕ್ತ ತುಂಬಿದ ಎಳೆಗರಿಗಳು ಮುರಿಯುತ್ತವೆ. ರಾತ್ರಿ ಮಂದ ಬೆಳಕಿನ ಸಣ್ಣ ದೀಪ ಇಡಿ, ಪಂಜರದೊಳಗಿನ ತೂಗಾಡುವ ಆಟಿಕೆಗಳನ್ನು ಆ ಕೆಲವು ವಾರ ತೆಗೆಯಿರಿ.

ಬೋಳು ಕಂಡರೆ: ಎಲ್ಲಿ?

ಗರಿ ಬದಲಾವಣೆಯಲ್ಲಿ ಹಕ್ಕಿ ಹರಕಲಾಗಿ ಕಾಣುತ್ತದೆಯೇ ಹೊರತು ಬೋಳಾಗುವುದಿಲ್ಲ. ಚರ್ಮ ಕಾಣುವಷ್ಟು ಖಾಲಿ ಜಾಗ ಕಂಡರೆ ಕಾರಣ ಬೇರೆ ಇದೆ ಎಂದೇ ಹೊರಡಿ. ಆದರೆ ಎರಡು ಸುಳ್ಳು ಎಚ್ಚರಿಕೆಗಳನ್ನು ಮೊದಲು ಬದಿಗಿಡೋಣ. ಹಕ್ಕಿಯ ಮೈ ತುಂಬ ಗರಿ ಹುಟ್ಟುವುದಿಲ್ಲ. ಸಾಲುಸಾಲಾಗಿ ಹುಟ್ಟಿ ನಡುವಿನ ಖಾಲಿ ಚರ್ಮವನ್ನು ಮುಚ್ಚಿಕೊಳ್ಳುತ್ತವೆ. ಸ್ನಾನ ಮಾಡಿ ಒದ್ದೆಯಾದಾಗ ಕತ್ತಿನ ಪಕ್ಕ, ರೆಕ್ಕೆಯ ಕೆಳಗೆ ಕಾಣುವ ಬರಿ ಚರ್ಮ ಹುಟ್ಟಿನಿಂದಲೇ ಹಾಗಿರುವುದು. ಲುಟಿನೊ ಎಂಬ ತಿಳಿಹಳದಿ ಬಣ್ಣದ ಕಾಕಟೀಲ್‌ಗಳ ಜುಟ್ಟಿನ ಹಿಂದಿನ ಬೋಳು ವಂಶವಾಹಿಯಿಂದ ಬಂದದ್ದು, ಯಾವ ಎಣ್ಣೆಗೂ ಜಗ್ಗುವುದಿಲ್ಲ. ಬಾಲದ ಬುಡದ ಮೇಲ್ಭಾಗದಲ್ಲಿ ಪುಟ್ಟ ಕುಚ್ಚು ಹೊತ್ತ ಉಬ್ಬು ಕಂಡರೆ ಅದು ಮೊಡವೆಯಲ್ಲ, ಗರಿಗೆ ಸವರಿಕೊಳ್ಳುವ ಎಣ್ಣೆಯ ಗ್ರಂಥಿ. ಅಮೆಜಾನ್ ಗಿಳಿಗಳಿಗೆ ಅದು ಇರುವುದೇ ಇಲ್ಲ, ಇಲ್ಲವೆಂದು ಗಾಬರಿಯಾಗಬೇಡಿ.

ಇವೆರಡೂ ಅಲ್ಲದ ಬೋಳಾದರೆ ಜಾಗವೇ ಉತ್ತರ ಹೇಳುತ್ತದೆ. ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲ. ತಲೆಯ ಗರಿಗಳು ಅಚ್ಚುಕಟ್ಟಾಗಿದ್ದು ಎದೆ, ಹೊಟ್ಟೆ, ತೊಡೆ, ರೆಕ್ಕೆಯ ಕೆಳಭಾಗ ಬೋಳಾಗಿದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ. ತಲೆ, ಕತ್ತಿನ ಹಿಂಭಾಗ ಮಾತ್ರ ಬೋಳಾಗಿದ್ದು ಪಂಜರದಲ್ಲಿ ಇಬ್ಬರಿದ್ದರೆ ಅಪರಾಧಿ ಪಕ್ಕದಲ್ಲೇ ಕುಳಿತಿದ್ದಾನೆ. ತಲೆಯೂ ಮೈಯೂ ಎರಡೂ ಬೋಳಾಗುತ್ತಾ ಹೊಸ ಗರಿ ಬಾರದಿದ್ದರೆ ರೋಗದ ಸಂಶಯ ಬಲವಾಗುತ್ತದೆ.

ಕಿತ್ತುಕೊಳ್ಳುವ ಅಭ್ಯಾಸ ಮೊದಲ ಗರಿ ಬದಲಾವಣೆಯ ತುರಿಕೆಯಲ್ಲೇ ಹುಟ್ಟಬಹುದು. ಅದರ ಹಿಂದೆ ಬೇಸರವಿರಬಹುದು, ಒಣಹವೆಯಿರಬಹುದು, ಚರ್ಮದ ಸೋಂಕಿರಬಹುದು. ಕಾಕಟೀಲ್‌ಗಳಲ್ಲಿ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿಯೂ ಇರಬಹುದು. ಗದರಿದರೆ, ಓಡಿಬಂದು ಕೂಗಿದರೆ ನಿಮ್ಮ ಗಮನ ಸಿಗುತ್ತದೆ ಎಂದು ಅದು ಕಲಿಯುತ್ತದೆ. ಜಗಿದು ಹರಿಯಲು ಕಾಗದ, ಮೃದು ಮರ, ತೊಗಟೆ ಕೊಟ್ಟು ಕೊಕ್ಕಿಗೆ ಬೇರೆ ಕೆಲಸ ಹಚ್ಚುವುದು ಮೇಲು.

ಗರಿ ಉದುರಿತೆಂದರೆ ಸಾಕು, ಎಲ್ಲರೂ ನುಸಿಯನ್ನು ದೂರುತ್ತಾರೆ. ಮನೆಯೊಳಗೆ ಸಾಕಿದ ಗಿಳಿಗಳಲ್ಲಿ ಗರಿ ಕಳೆದುಕೊಳ್ಳಲು ನುಸಿ ಕಾರಣವಾಗುವುದು ಅಪರೂಪ. ಸಂಶಯವಿದ್ದರೆ ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ ಬೆಳಿಗ್ಗೆ ಅದರ ಒಳಮೈ ನೋಡಿ. ರಕ್ತ ಹೀರುವ ಕೆಂಪು ನುಸಿಯಿದ್ದರೆ ಚಲಿಸುವ ಚುಕ್ಕೆಗಳಾಗಿ ಕಾಣುತ್ತವೆ. ಬಡ್ಜಿಯ ಕೊಕ್ಕಿನ ಬುಡ, ಮೂಗಿನ ಸುತ್ತ, ಕಾಲಿನ ಮೇಲೆ ಸಣ್ಣ ರಂಧ್ರಗಳುಳ್ಳ ಬೂದು ಹಕ್ಕಳೆ ಕಟ್ಟಿದ್ದರೆ ಅದು ಬೇರೆ ನುಸಿ, ಅದಕ್ಕೆ ವೈದ್ಯರ ಬಳಿ ಸುಲಭದ ಔಷಧವಿದೆ. ಏನೇ ಇರಲಿ, ಮನೆಯ ಕೀಟನಾಶಕವನ್ನು ಹಕ್ಕಿಯ ಮೇಲೆ ಸಿಂಪಡಿಸಬೇಡಿ.

ಮುಳ್ಳುಗಳು ಬಂದಿವೆ, ಮುಟ್ಟಿದರೆ ಕಿರುಚುತ್ತದೆ

ಹೊಸ ಗರಿ ಹುಟ್ಟುವಾಗ ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಕೊಳವೆಯಂತೆ ಬಿಗಿಯಾದ ಪೊರೆಯೊಳಗೆ ಸುತ್ತಿಕೊಂಡು ಬರುತ್ತದೆ. ಗಿಳಿ ಸಾಕುವವರು ಇದನ್ನು ಪಿನ್ ಫೆದರ್ ಎನ್ನುತ್ತಾರೆ. ಬೆಳೆಯುವಷ್ಟು ಕಾಲ ಅದರೊಳಗೆ ರಕ್ತ ಹರಿಯುತ್ತದೆ, ಬುಡ ಕಪ್ಪು ನೀಲಿ ಅಥವಾ ಕೆಂಪಾಗಿ ಕಾಣುತ್ತದೆ, ಒತ್ತಿದರೆ ನೋಯುತ್ತದೆ. ಗರಿ ಬೆಳೆದಂತೆ ರಕ್ತ ಬುಡಕ್ಕೆ ಇಳಿಯುತ್ತದೆ, ಮೇಲಿನ ಪೊರೆ ಬಿಳುಪಾಗಿ ಒಣಗುತ್ತದೆ. ಆಗ ಹಕ್ಕಿ ಕೊಕ್ಕಿನಿಂದ ಅದನ್ನು ಪುಡಿಮಾಡಿ ಕೊಡವಿಕೊಳ್ಳುತ್ತದೆ. ಪಂಜರದ ಸುತ್ತ ಬೀಳುವ ಹೊಟ್ಟಿನಂಥ ಬಿಳಿ ಚೂರುಗಳು ಇವೇ. ಕಾಕಟೀಲ್, ಕಾಕಟೂ, ಆಫ್ರಿಕನ್ ಗ್ರೇಗಳಾದರೆ ಇದರ ಜೊತೆಗೆ ಅವುಗಳ ಸಹಜ ಗರಿಪುಡಿಯೂ ಸೇರಿ ಪೀಠೋಪಕರಣದ ಮೇಲೆಲ್ಲ ಬೂದಿ ಕೂತಂತಾಗುತ್ತದೆ.

ಮೈಯ ಪಿನ್‌ಗಳನ್ನು ಅದೇ ನೋಡಿಕೊಳ್ಳುತ್ತದೆ. ತಲೆ, ಕತ್ತಿನವಕ್ಕೆ ಮಾತ್ರ ಸಹಾಯ ಬೇಕು. ಗುಂಪಿನಲ್ಲಿದ್ದರೆ ಜೊತೆಗಾರ ಮಾಡುತ್ತಿದ್ದ ಕೆಲಸ ಅದು. ಹಕ್ಕಿ ತಾನಾಗಿ ತಲೆ ಬಗ್ಗಿಸಿ ಗರಿ ಎಬ್ಬಿಸಿಕೊಂಡು ಬಂದಾಗ ಮಾತ್ರ ಶುರುಮಾಡಿ. ಬಿಳಿಯಾಗಿ ಒಣಗಿದ, ತುದಿಯಲ್ಲಿ ಆಗಲೇ ಸ್ವಲ್ಪ ಗರಿ ಕುಚ್ಚು ಹೊರಬಂದ ಪಿನ್ ಆರಿಸಿ. ಅದರ ತುದಿಭಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಗುರವಾಗಿ ಹೊರಳಿಸಿ. ಪೊರೆ ಪುಡಿಯಾಗಿ ಉದುರಿ ಗರಿ ಅರಳುತ್ತದೆ. ಬುಡದವರೆಗೆ ಹೋಗಬೇಡಿ. ಕಿರುಚಿದರೆ, ಬೆರಳು ಕಚ್ಚಿದರೆ ಆ ಗರಿ ಇನ್ನೂ ಮಾಗಿಲ್ಲ, ಬಿಟ್ಟುಬಿಡಿ. ಒಂದೇ ಕೂರಿಕೆಯಲ್ಲಿ ಇಡೀ ತಲೆ ಸ್ವಚ್ಛ ಮಾಡಬೇಕೆಂಬ ಹಟ ಹಿಡಿದವರ ಹತ್ತಿರ ಹಕ್ಕಿ ಮರುದಿನ ಸುಳಿಯುವುದಿಲ್ಲ.

ವಾರಗಳು ಕಳೆದರೂ ಮೈಯ ಪಿನ್‌ಗಳ ಪೊರೆ ಬಿಡುತ್ತಿಲ್ಲವೆಂದರೆ ಮೊದಲು ಒಣಹವೆ ಸಂಶಯಿಸಿ, ಸ್ನಾನ ಹೆಚ್ಚಿಸಿ. ಆಮೇಲೂ ಬಿಡದಿದ್ದರೆ ಹಕ್ಕಿ ಗರಿ ತೀಡಿಕೊಳ್ಳುವುದನ್ನೇ ನಿಲ್ಲಿಸಿರಬಹುದು. ಅದು ಅಸ್ವಸ್ಥತೆಯ ಲಕ್ಷಣ.

ರಕ್ತ

ಇದೊಂದರಲ್ಲಿ ಕಾದು ನೋಡುವ ಮಾತಿಲ್ಲ. ರಕ್ತವಿರುವ ಎಳೆಗರಿ ಮುರಿದರೆ ಅದು ತೆರೆದ ನಾಳ. ಹಕ್ಕಿಯ ಒಟ್ಟು ರಕ್ತ ಅದರ ತೂಕದ ಸುಮಾರು ಹತ್ತರಲ್ಲಿ ಒಂದು ಭಾಗ. 35 ಗ್ರಾಂ ಬಡ್ಜಿಯಲ್ಲಿ ಮೂರೂವರೆ ಮಿಲಿಲೀಟರ್ ಆಸುಪಾಸು. ಅದರಲ್ಲಿ ಹತ್ತನೇ ಒಂದು ಭಾಗ ಎಂದರೆ ಏಳೆಂಟು ಹನಿ. ಆರೋಗ್ಯವಂತ ಹಕ್ಕಿ ಅಷ್ಟನ್ನು ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೋಗಲು ಬಿಡಬಾರದು.

ಹಕ್ಕಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಎದೆಯನ್ನು ಒತ್ತಬೇಡಿ, ಹಕ್ಕಿ ಉಸಿರಾಡುವುದು ಎದೆಗೂಡನ್ನು ಮುಂದೆ ಹಿಂದೆ ಆಡಿಸುತ್ತಾ. ರೆಕ್ಕೆ ಬಿಚ್ಚಿ ಯಾವ ಗರಿ ಎಂದು ಗುರುತಿಸಿ, ಮುರಿದ ತುದಿಗೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಅಂಟಿಸಿ ಶುಭ್ರವಾದ ಗಾಜ್ ಬಟ್ಟೆಯಿಂದ ಒಂದೆರಡು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಉಗುರಿನ ರಕ್ತ ನಿಲ್ಲಿಸಲು ಮಾರುವ ಪುಡಿಯನ್ನು ಚರ್ಮಕ್ಕೆ, ಗರಿಯ ಗುಳಿಗೆ ತಾಗಿಸಬೇಡಿ, ಸುಡುತ್ತದೆ. ನಿಂತ ಮೇಲೆ ಮಂದ ಬೆಳಕಿನಲ್ಲಿ, ಬೆಚ್ಚಗಿನ ಜಾಗದಲ್ಲಿ, ಎತ್ತರದ ಕೋಲಿಲ್ಲದ ಸಣ್ಣ ಪಂಜರದಲ್ಲಿ ಇಟ್ಟು ಕೆಲವು ಗಂಟೆ ಕಣ್ಣಿಡಿ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ವೈದ್ಯರ ಬಳಿ ಹೊರಡಿ.

ಮುರಿದ ಎಳೆಗರಿಯನ್ನು ತಕ್ಷಣ ಕಿತ್ತುಹಾಕಬೇಕು ಎಂಬ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ನಾನು ಅದಕ್ಕೆ ಒಪ್ಪುವುದಿಲ್ಲ. ಗರಿಯ ಬುಡ ಆಳದಲ್ಲಿರುತ್ತದೆ, ರೆಕ್ಕೆಯ ದೊಡ್ಡ ಗರಿಗಳದ್ದು ಮೂಳೆಗೇ ಅಂಟಿಕೊಂಡಿರುತ್ತದೆ. ಅರಿವಳಿಕೆಯಿಲ್ಲದೆ ಎಳೆದರೆ ಭಯಂಕರ ನೋವು, ಗುಳಿ ಹರಿದು ಮುಂದೆ ಅಲ್ಲಿ ಗರಿಯೇ ಬಾರದಿರಬಹುದು. ಕೀಳಲೇಬೇಕೆಂದಿದ್ದರೆ ಅದು ವೈದ್ಯರ ಕೈಯಲ್ಲಿ ಆಗಲಿ.

ಮಂಕಾಗಿದೆ: ದಣಿವೋ, ಕಾಯಿಲೆಯೋ?

ಗರಿ ಬೆಳೆಸುವುದು ದುಬಾರಿ ಕೆಲಸ. ಗರಿಯ ಸುಮಾರು 90 ಶೇಕಡಾ ಕೆರಾಟಿನ್ ಎಂಬ ಪ್ರೊಟೀನು. ಅದನ್ನು ದೇಹ ಆಹಾರದಿಂದ ಹೊಂದಿಸಬೇಕು. ಹೊದಿಕೆ ತೆಳುವಾದ್ದರಿಂದ ಮೈ ಬಿಸಿ ಕಾಪಾಡಲೂ ಹೆಚ್ಚು ಶಕ್ತಿ ಬೇಕು. ಹಾಗಾಗಿ ಹೆಚ್ಚು ನಿದ್ದೆ, ಕಡಿಮೆ ಮಾತು, ಮುಟ್ಟಿದರೆ ಸಿಡುಕು, ಮಧ್ಯಾಹ್ನ ಒಂದಿಷ್ಟು ಕೆದರಿಕೊಂಡು ಕೂರುವುದು ಎಲ್ಲ ಲೆಕ್ಕಕ್ಕೆ ಸೇರಿದ್ದೇ.

ಲೆಕ್ಕಕ್ಕೆ ಸೇರದ್ದು ಹಸಿವು ಕಡಿಮೆಯಾಗುವುದು. ಗರಿ ಬದಲಿಸುವ ಹಕ್ಕಿ ಹೆಚ್ಚು ತಿನ್ನಬೇಕು, ಕಡಿಮೆಯಲ್ಲ. ಕಾಳಿನ ಸಿಪ್ಪೆ ತುಂಬಿದ ಬಟ್ಟಲು ನೋಡಿ ತಿಂದಿದೆ ಎಂದುಕೊಳ್ಳುವುದು, ಖಾಲಿ ಸಿಪ್ಪೆಯನ್ನೇ ಕಾಳೆಂದು ಭ್ರಮಿಸುವುದು ಎರಡೂ ಆಗುತ್ತವೆ. ಇದಕ್ಕೆ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಗಿಂತ ಒಳ್ಳೆಯ ಉಪಕರಣ ಇಲ್ಲ. ದಿನವೂ ಬೆಳಿಗ್ಗೆ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ತೂಗಿ ಬರೆದಿಡಿ. ಒಂದೆರಡು ಗ್ರಾಂ ಏರಿಳಿತ ಗಿಳಿಯ ಗಾತ್ರ ನೋಡಿ ಅಳೆಯಬೇಕಾದ ಮಾತು: 90 ಗ್ರಾಂ ಕಾಕಟೀಲ್‌ಗೆ ಅದು ಏನೂ ಅಲ್ಲ, 35 ಗ್ರಾಂ ಬಡ್ಜಿಗೆ ಸಣ್ಣದಲ್ಲ. ತೂಕದ ಹತ್ತನೇ ಒಂದು ಭಾಗ ಇಳಿದರೆ ಹೊರನೋಟಕ್ಕೆ ಹಕ್ಕಿ ಚೆನ್ನಾಗಿದ್ದರೂ ವೈದ್ಯರಿಗೆ ತೋರಿಸಿ.

ಇಡೀ ದಿನ ಗರಿ ಉಬ್ಬಿಸಿಕೊಂಡು ಎರಡೂ ಕಾಲ ಮೇಲೆ ಕುಳಿತು ತೂಕಡಿಸುವುದು, ಪಂಜರದ ತಳದಲ್ಲಿ ಕೂರುವುದು, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುವುದು, ವಾಂತಿ, ಹಿಕ್ಕೆಯ ಬಣ್ಣ ಬದಲಾಗಿ ಹಾಗೇ ಮುಂದುವರಿಯುವುದು: ಇವುಗಳಲ್ಲಿ ಯಾವುದನ್ನೂ ಗರಿ ಬದಲಾವಣೆಯ ತಲೆಗೆ ಕಟ್ಟಬೇಡಿ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಗಿಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದೇ ದಿನ ಹೊರಡಿ.

ಬೆಚ್ಚಗಿಡಲು ಹೀಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಒಳಭಾಗಕ್ಕೆ ಟೆಫ್ಲಾನ್ ಬಳಿದ ಹೀಟರ್‌ಗಳಿರುತ್ತವೆ. ಅತಿಯಾಗಿ ಕಾದ ಆ ಲೇಪದ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಒಲೆಯ ಮೇಲೆ ಮರೆತ ನಾನ್‌ಸ್ಟಿಕ್ ಬಾಣಲೆಯೂ ಅಷ್ಟೇ.

ಬಟ್ಟಲಲ್ಲಿ ಏನಿದೆ

ಹೊಸ ಗರಿ ಮಂಕಾಗಿ, ಪೆಡಸಾಗಿ, ಗೆರೆಗೆರೆಯಾಗಿ ಬರುತ್ತಿದ್ದರೆ ನಾನು ಮೊದಲು ನೋಡುವುದು ಆಹಾರ. ಬರೀ ಕಾಳು ತಿಂದು ಬೆಳೆದ ಹಕ್ಕಿಗೆ ಕೊಬ್ಬು ಸಾಕಷ್ಟು ಸಿಗುತ್ತದೆ. ಎ ಜೀವಸತ್ವ, ಸುಣ್ಣದಂಶ, ಗರಿ ಕಟ್ಟಲು ಬೇಕಾದ ಮೆಥಿಯೊನಿನ್, ಲೈಸಿನ್‌ನಂಥ ಅಮೈನೊ ಆಮ್ಲಗಳು ಸಿಗುವುದಿಲ್ಲ. ಗಿಳಿಗಳಿಗಾಗಿ ತಯಾರಿಸಿದ ಪೆಲೆಟ್ ಆಹಾರದ ಬಹುಭಾಗವಾಗಿ, ಜೊತೆಗೆ ಕ್ಯಾರೆಟ್, ಕುಂಬಳ, ಗೆಣಸು, ಕಡುಹಸಿರು ಸೊಪ್ಪು ಇರಲಿ. ಗರಿ ಬದಲಿಸುವ ವಾರಗಳಲ್ಲಿ ಬೇಯಿಸಿದ ಮೊಟ್ಟೆ ಚೂರು, ಚೆನ್ನಾಗಿ ಬೆಂದ ಬೇಳೆ ಸ್ವಲ್ಪ ಸ್ವಲ್ಪ ಕೊಡಬಹುದು. ಅವು ಒಂದೆರಡು ಗಂಟೆಗಿಂತ ಹೆಚ್ಚು ಬಟ್ಟಲಲ್ಲಿ ಉಳಿಯದಿರಲಿ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಕಾಫಿ ಎಂದೂ ಬೇಡ.

ಆದರೆ ಕಾಳಿಗೆ ಹೊಂದಿಕೊಂಡ ಹಕ್ಕಿಯ ಆಹಾರವನ್ನು ಗರಿ ಬದಲಾವಣೆಯ ನಡುವೆ ಒಮ್ಮೆಗೇ ಬದಲಿಸಬೇಡಿ. ಗುರುತು ಸಿಗದ ಆಹಾರದ ಮುಂದೆ ಗಿಳಿ ಉಪವಾಸ ಕೂರಬಲ್ಲದು. ಹಳೆಯದರ ಜೊತೆ ಹೊಸದನ್ನು ಸೇರಿಸುತ್ತಾ ಹೋಗಿ, ತಕ್ಕಡಿ ನೋಡುತ್ತಿರಿ.

ನೀರಿಗೆ ಹಾಕುವ ಜೀವಸತ್ವದ ಹನಿಗಳ ಬಗ್ಗೆ ನನಗೆ ಗೌರವವಿಲ್ಲ. ನೀರಿನಲ್ಲಿ ಬೇಗ ಕೆಡುತ್ತವೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ, ರುಚಿ ಬದಲಾದ ನೀರನ್ನು ಹಕ್ಕಿ ಕುಡಿಯುವುದಿಲ್ಲ. ಪೆಲೆಟ್ ತಿನ್ನುವ ಹಕ್ಕಿಗೆ ಅವುಗಳ ಮೇಲೆ ಇನ್ನಷ್ಟು ಎ, ಡಿ ಜೀವಸತ್ವ ಸುರಿದರೆ ವಿಷವಾಗುತ್ತದೆ.

ಸ್ನಾನ, ಬೆಳಕು, ಮತ್ತು ಮುಗಿಯದ ಉದುರುವಿಕೆ

ತುರಿಕೆಗೆ ಅತ್ಯುತ್ತಮ ಮದ್ದು ಉಗುರುಬೆಚ್ಚಗಿನ ಸಾದಾ ನೀರು. ಸಣ್ಣ ಹನಿಯ ಸ್ಪ್ರೇ ಬಾಟಲಿಯನ್ನು ಮುಖಕ್ಕೆ ಹಿಡಿಯದೆ, ಮಳೆ ಬಂದಂತೆ ಮೇಲಿನಿಂದ ಬೀಳುವ ಹಾಗೆ ಸಿಂಪಡಿಸಿ. ಇಲ್ಲವೇ ಅಗಲ ತಟ್ಟೆಯಲ್ಲಿ ನೀರಿಟ್ಟು ಅದರ ಪಾಡಿಗೆ ಬಿಡಿ. ಬೆಳಗಿನ ಹೊತ್ತು ಮಾಡಿದರೆ ಸಂಜೆಯೊಳಗೆ ಮೈ ಒಣಗುತ್ತದೆ. ಸೋಪು, ಎಣ್ಣೆ, ಅಲೋವೆರಾ ಹೆಸರಿನ ಸುವಾಸಿತ ದ್ರವ ಯಾವುದೂ ಬೇಡ. ಎಣ್ಣೆ ತಾಗಿದ ಗರಿ ಬಿಸಿ ಹಿಡಿಯುವುದಿಲ್ಲ.

ತಿಂಗಳುಗಟ್ಟಲೆ ಅಲ್ಲೊಂದು ಇಲ್ಲೊಂದು ಗರಿ ಬೀಳುತ್ತಲೇ ಇದೆ, ಬರುತ್ತಲೂ ಇದೆ, ಆದರೆ ಮುಗಿಯುತ್ತಿಲ್ಲ ಎನ್ನುವ ದೂರಿಗೆ ಹೆಚ್ಚಾಗಿ ಕಾರಣ ದೀಪ. ಹಗಲಿನ ಉದ್ದ ಏರಿಳಿಯುವುದನ್ನು ನೋಡಿ ದೇಹ ಗರಿ ಬದಲಿಸುವ ಕಾಲವನ್ನು ನಿರ್ಧರಿಸುತ್ತದೆ. ನಡುರಾತ್ರಿಯವರೆಗೆ ದೀಪ, ಟಿವಿ ಉರಿಯುವ ಕೋಣೆಯಲ್ಲಿ ಆ ಲೆಕ್ಕ ಕಲಸಿಹೋಗುತ್ತದೆ. ಹತ್ತರಿಂದ ಹನ್ನೆರಡು ಗಂಟೆಗಳ ಮೌನದ ರಾತ್ರಿ, ದಿನವೂ ಒಂದೇ ವೇಳೆಗೆ ಸಿಗಲಿ. ದೊಡ್ಡ ಗಿಳಿಗಳಾದರೆ ಒಂದು ಮಾತು ನೆನಪಿಡಿ: ಅವು ಒಂದೇ ಸುತ್ತಿನಲ್ಲಿ ಎಲ್ಲ ಗರಿ ಬದಲಿಸುವುದಿಲ್ಲ. ಮೊದಲ ಸುತ್ತು ಮುಗಿದ ಮೇಲೂ ರೆಕ್ಕೆಯಲ್ಲಿ ಮರಿಗಾಲದ ಮಾಸಿದ ಗರಿಗಳು ಹೊಸದರ ನಡುವೆ ಉಳಿದಿರುತ್ತವೆ.

ಸರ್ಕೋವೈರಸ್

ಈ ವೈರಸ್ಸಿನಿಂದ ಬರುವ, ಮೂರು ವರ್ಷದೊಳಗಿನ ಗಿಳಿಗಳನ್ನು ಹೆಚ್ಚಾಗಿ ಹಿಡಿಯುವ ಕೊಕ್ಕು ಗರಿ ರೋಗ ಪಿಬಿಎಫ್‌ಡಿ ಎಂಬ ಹೆಸರಿನಿಂದ ಪರಿಚಿತ. ಅದರ ಮೋಸವೆಂದರೆ ಅದೂ ಎಡಬಲ ಸಮನಾಗಿ ಬರುತ್ತದೆ, ಅದೂ ಗರಿ ಬದಲಾವಣೆಯ ಸಮಯದಲ್ಲೇ ಹೊರಬೀಳುತ್ತದೆ. ಹಳೆಯ ಗರಿ ಬಿದ್ದ ಜಾಗದಲ್ಲಿ ಬರುವ ಹೊಸದು ಕುಳ್ಳಗೆ, ತಿರುಚಿ, ಬುಡ ಬಿಗಿದು, ಒಳಗೆ ರಕ್ತ ಕಟ್ಟಿ ಬರುತ್ತದೆ. ಪೊರೆ ಬಿಡುವುದಿಲ್ಲ. ಪ್ರತಿ ಸುತ್ತಿಗೂ ಕೆಟ್ಟದಾಗುತ್ತಾ ಕೊನೆಗೆ ಬರುವುದೇ ನಿಲ್ಲುತ್ತದೆ. ಕಾಕಟೂಗಳಲ್ಲಿ ಗರಿಪುಡಿ ನಿಂತುಹೋಗಿ, ಬೂದು ಮುಸುಕಿರಬೇಕಾದ ಕೊಕ್ಕು ಕಪ್ಪಗೆ ಮಿರುಗುವುದು ಮೊದಲ ಸುಳಿವು. ಆಫ್ರಿಕನ್ ಗ್ರೇ ಮರಿಗಳಲ್ಲಿ ಬೂದು ಗರಿಗಳ ಜಾಗದಲ್ಲಿ ಕೆಂಪು ಮೂಡಬಹುದು, ಆದರೆ ಕೆಂಪು ಗರಿಗೆ ಬೇರೆ ಕಾರಣಗಳೂ ಇವೆ. ಕಣ್ಣಂದಾಜಿನಲ್ಲಿ ತೀರ್ಮಾನಿಸುವ ರೋಗ ಇದಲ್ಲ. ರಕ್ತ, ಗರಿಗಳ ಡಿಎನ್‌ಎ ಪರೀಕ್ಷೆ ಇದೆ. ಗರಿಯ ದೂಳು, ಹಿಕ್ಕೆಗಳ ಮೂಲಕ ಹರಡುವುದರಿಂದ ಫಲಿತಾಂಶ ಬರುವವರೆಗೆ ಹಕ್ಕಿಯನ್ನು ಬೇರೆ ಕೋಣೆಯಲ್ಲಿಡಿ.

ವೈದ್ಯರ ಬಳಿ ಹೋಗುವಾಗ ವಾರವಾರದ ಫೋಟೊ, ತೂಕದ ಪಟ್ಟಿ, ಲಕೋಟೆಯಲ್ಲಿ ತೆಗೆದಿಟ್ಟ ಗರಿ, ಆ ದಿನದ ಹಿಕ್ಕೆ ಬಿದ್ದ ಕಾಗದ ಒಯ್ಯಿರಿ. ಹಕ್ಕಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರೇ ಬೇಕು.

ರೆಕ್ಕೆ ಕತ್ತರಿಸಿದ ಮರಿಯಾದರೆ

ಕತ್ತರಿಸಿದ ಗರಿ ಬೆಳೆಯುವುದಿಲ್ಲ, ಅದರ ಮೊಂಡು ಉದುರಿದ ಮೇಲೆಯೇ ಹೊಸದು. ಆಗ ಎರಡು ತೊಂದರೆ. ಅಕ್ಕಪಕ್ಕ ಆಸರೆಯ ಗರಿಗಳಿಲ್ಲದೆ ಒಂಟಿಯಾಗಿ ಹೊರಬರುವ ಎಳೆಗರಿ ಪಂಜರದ ಸರಳಿಗೆ ಬಡಿದು ಮುರಿಯುತ್ತದೆ, ಒಂದರ ಹಿಂದೆ ಒಂದು ಹೀಗೇ ಮುರಿದರೆ ರೆಕ್ಕೆ ತುಂಬುವುದೇ ಇಲ್ಲ. ಆ ವಾರಗಳಲ್ಲಿ ಕೂರುವ ಕೋಲನ್ನು ತಗ್ಗಿಸಿ, ಕೆಳಗೆ ಮೆತ್ತನೆಯದೇನಾದರೂ ಹಾಸಿ. ಇನ್ನೊಮ್ಮೆ ಕತ್ತರಿಸುವ ಯೋಚನೆಯಿದ್ದರೆ ಎಳೆಗರಿಗಳೆಲ್ಲ ಬಲಿಯುವವರೆಗೆ ಕತ್ತರಿ ಮುಟ್ಟಬೇಡಿ. ನನ್ನನ್ನು ಕೇಳಿದರೆ ಆಮೇಲೂ ಬೇಡ.

ಎರಡನೆಯದು, ಹಾರಲು ಬಾರದು ಎಂದುಕೊಂಡಿದ್ದ ಹಕ್ಕಿ ಒಂದು ದಿನ ಇದ್ದಕ್ಕಿದ್ದಂತೆ ಹಾರುತ್ತದೆ. ಹಾರುಗರಿ ನಾಲ್ಕೈದು ಬಂದರೂ ಸಾಕು. ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಾಚೆ ಹೋಗುವ ಅಭ್ಯಾಸ ಮೊದಲ ಪಿನ್ ಕಂಡ ದಿನವೇ ನಿಲ್ಲಲಿ. ಹಕ್ಕಿ ಪಂಜರದ ಹೊರಗಿರುವಾಗ ಫ್ಯಾನ್ ಆರಿಸಿರಿ, ಕಿಟಕಿಗೆ ಜಾಲರಿ ಹಾಕಿ, ನೀರು ತುಂಬಿದ ಬಕೆಟ್ಟು ಪಾತ್ರೆಗಳನ್ನು ಮುಚ್ಚಿಡಿ.